ಮೀನು ತಿನ್ನದವರಿಗೆ ನಮ್ಮ ಅಡುಗೆಯಲ್ಲೇ ಒಮೆಗಾ-3 ಸಿಗುತ್ತಾ?

ಸಿಗುತ್ತದೆ. ಒಮೆಗಾ-3 ಅಂದರೆ ದೇಹಕ್ಕೆ ಬೇಕಾದ, ಮೀನಿನಲ್ಲಿ ಚೆನ್ನಾಗಿ ಸಿಗುವ ಒಂದು ಬಗೆಯ ಕೊಬ್ಬು. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಪಕ್ಕ ಅಗಸೆ ಚಟ್ನಿಪುಡಿ ಬಡಿಸುತ್ತಾರಲ್ವಾ, ಅದೇ ಸಾಕಷ್ಟು ಕೊಡುತ್ತದೆ. ಅಗಸೆ ಬೀಜದಲ್ಲಿ ಸುಮಾರು 40% ಎಣ್ಣೆ. ಆ ಎಣ್ಣೆಯಲ್ಲಿ ಅರ್ಧದಷ್ಟು ಆಲ್ಫಾ ಲಿನೋಲೆನಿಕ್ ಆಮ್ಲ ಎಂಬ ಒಮೆಗಾ-3. ಒಂದು ದೊಡ್ಡ ಚಮಚ ಬರೀ ಅಗಸೆ ಪುಡಿಯಲ್ಲಿ ಒಂದೂವರೆ ಗ್ರಾಂನಷ್ಟು ಸಿಗುತ್ತದೆ.

ಆದರೆ ಪುಡಿ ಮಾಡಲೇಬೇಕು. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿಯಿರಿ. ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಸೇರಿಸಿ ಪುಡಿ ಮಾಡಿ. ತಿಂಗಳಿಗಾಗುವಷ್ಟು ಸುಮ್ನೆ ಮಾಡಿಡಬೇಡಿ, ಈ ಎಣ್ಣೆ ಬೇಗ ಕಮಟು ಹಿಡಿಯುತ್ತದೆ.

ಗುರೆಳ್ಳು ಚಟ್ನಿಪುಡಿಯನ್ನೂ ಕೆಲವರು ಇದೇ ಲೆಕ್ಕಕ್ಕೆ ಸೇರಿಸುತ್ತಾರೆ. ರುಚಿಯಲ್ಲಿ ನನಗೆ ಅದೇ ಇಷ್ಟ, ಆದರೆ ಅದರಲ್ಲಿರುವುದು ಹೆಚ್ಚಾಗಿ ಒಮೆಗಾ-6 ಎಂಬ ಬೇರೆ ಬಗೆಯ ಕೊಬ್ಬು.

ಇನ್ನೊಂದು ಮಾತು. ಮಿದುಳು, ಕಣ್ಣಿಗೆ ಬೇಕಾದ ಇನ್ನೊಂದು ಬಗೆಯ ಒಮೆಗಾ-3 ಆದ ಡಿಎಚ್‌ಎ ಅಗಸೆಯಲ್ಲಿಲ್ಲ. ನಮ್ಮ ದೇಹ ಅಗಸೆಯ ಒಮೆಗಾ-3ಯಿಂದ ಅದನ್ನು ತಯಾರಿಸಿಕೊಳ್ಳುವುದು ತೀರಾ ಸ್ವಲ್ಪ. ಕರಾವಳಿಯ ಬೂತಾಯಿ, ಬಂಗುಡೆ ಮೀನುಗಳಲ್ಲಿ ಅದು ನೇರವಾಗಿ ಸಿಗುತ್ತದೆ. ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಮಾತ್ರೆಗಳಿವೆ. ಬೇಕೋ ಬೇಡವೋ ಡಾಕ್ಟರನ್ನು ಕೇಳಿ.