ವಿದೇಶಿ ಕಂಪನಿ ಬಂದರು ನಡೆಸಿದರೆ ಕಾವಲೂ ಅದರ ಕೈಗೆ ಹೋಗುತ್ತದಾ?

ನೀವು ಕೇಳಿರುವುದು ಇಷ್ಟು: 2006ರಲ್ಲಿ ದುಬೈ ಕಂಪನಿಯೊಂದು ತಮ್ಮ ಬಂದರುಗಳಿಗೆ ಬರದಂತೆ ಅಮೆರಿಕದವರು ತಡೆದರಲ್ಲ, ಅದರಲ್ಲಿ ನಿಜಕ್ಕೂ ಭದ್ರತೆಯ ಪ್ರಶ್ನೆ ಇತ್ತಾ, ಇಲ್ಲ ಸುಮ್ನೆ ರಾಜಕೀಯವಾ?

ರಾಜಕೀಯವೇ ಜಾಸ್ತಿ. ಆದರೆ ಭದ್ರತೆಯೆಲ್ಲ ನಮ್ಮ ಕೈಯಲ್ಲೇ ಇರುತ್ತದೆ ಎಂದು ಬುಷ್ ಸರ್ಕಾರ ಕೊಟ್ಟ ಸಮಜಾಯಿಷಿಯೂ ಅರ್ಧ ಸತ್ಯ. ಸರಕು ಸಾಗಣೆಯ ಕಾಗದಪತ್ರದಲ್ಲಿ ಕೆಲವು ವರ್ಷ ಕೈ ಮಸಿ ಮಾಡಿಕೊಂಡವನು ನಾನು. ಆ ಇನ್ನರ್ಧದ ಬಗ್ಗೆ ಹೇಳುತ್ತೇನೆ.

ಮೊದಲು ಕಥೆ. ಬ್ರಿಟನ್ನಿನ ಹಳೇ ಹಡಗು ಕಂಪನಿ ಪಿ ಅಂಡ್ ಒ, ನ್ಯೂಯಾರ್ಕ್, ನ್ಯೂಜೆರ್ಸಿ, ಫಿಲಡೆಲ್ಫಿಯಾ, ಬಾಲ್ಟಿಮೋರ್, ಮಯಾಮಿ, ನ್ಯೂ ಆರ್ಲಿಯನ್ಸ್‌ಗಳಲ್ಲಿ ಟರ್ಮಿನಲ್ (ಬಂದರಿನೊಳಗೆ ಹಡಗಿನ ಸರಕು ಇಳಿಸಿ ಹತ್ತಿಸುವ ಜಾಗ) ನಡೆಸುತ್ತಿತ್ತು. ಇಡೀ ಕಂಪನಿಯನ್ನು ದುಬೈ ಸರ್ಕಾರದ ಒಡೆತನದ ಡಿಪಿ ವರ್ಲ್ಡ್ ಸುಮಾರು 680 ಕೋಟಿ ಡಾಲರಿಗೆ ಕೊಂಡಿತು. ವಿದೇಶಿ ಹೂಡಿಕೆ ಪರಿಶೀಲಿಸುವ ಸಿಫಿಯಸ್ ಸಮಿತಿ ಸದ್ದಿಲ್ಲದೆ ಒಪ್ಪಿಗೆ ಕೊಟ್ಟಿತ್ತು. ಫೆಬ್ರವರಿಯಲ್ಲಿ ವಿಷಯ ಬಾಯಿಂದ ಬಾಯಿಗೆ ಹೋಗಿ ಗಲಾಟೆ ಎದ್ದಿತು. 9/11ರ ವಿಮಾನ ಅಪಹರಣಕಾರರಲ್ಲಿ ಇಬ್ಬರು ಯುಎಇಯವರು ಎಂಬುದೊಂದೇ ಸಾಕಾಯಿತು. ವಿರೋಧ ಪಕ್ಷದ ಸೆನೆಟರುಗಳಾದ ಶೂಮರ್, ಹಿಲರಿ ಕ್ಲಿಂಟನ್ ಸರಿ, ಬುಷ್ ಪಕ್ಷದವರೇ ತಿರುಗಿಬಿದ್ದರು. ಒಪ್ಪಂದ ತಡೆಯುವ ಮಸೂದೆ ತಂದರೆ ವೀಟೊ ಹಾಕುತ್ತೇನೆ ಎಂದು ಬುಷ್ ಹೆದರಿಸಿದರೂ ಮಾರ್ಚ್ 8ರಂದು ಕೆಳಮನೆಯ ಸಮಿತಿ 62-2 ಮತಗಳಿಂದ ಒಪ್ಪಂದದ ವಿರುದ್ಧ ನಿಂತಿತು. ಮರುದಿನವೇ ಕಂಪನಿ, ಅಮೆರಿಕದ ಟರ್ಮಿನಲ್‌ಗಳನ್ನು ಬಿಟ್ಟುಕೊಡುತ್ತೇವೆ ಎಂದು ಹಿಂದೆ ಸರಿಯಿತು.

ಆಗ "ಬಂದರು ಮಾರುತ್ತಿದ್ದಾರೆ" ಎಂದು ಕೂಗಿದವರು ಒಂದು ಮರೆತರು. ಬಂದರಿನ ಜಾಗ ಸ್ಥಳೀಯ ಬಂದರು ಮಂಡಳಿಯದ್ದೇ. ಕಂಪನಿಗೆ ಸಿಗುವುದು ಧಕ್ಕೆಯ ಒಂದು ಭಾಗದ ಗುತ್ತಿಗೆ. ಮೊದಲೇ ನಡೆಸುತ್ತಿದ್ದ ಪಿ ಅಂಡ್ ಒ ಕೂಡ ವಿದೇಶಿಯೇ ಅಲ್ವಾ? ಪಶ್ಚಿಮ ಕರಾವಳಿಯಲ್ಲಂತೂ ಚೀನಾ, ತೈವಾನ್, ಸಿಂಗಾಪುರ, ಡೆನ್ಮಾರ್ಕ್ ಕಂಪನಿಗಳು ಎಷ್ಟೋ ವರ್ಷಗಳಿಂದ ಬೀಡುಬಿಟ್ಟಿದ್ದವು.

ಇನ್ನು ಕಾವಲು. ಕಂಟೇನರ್ ತೆರೆದು ನೋಡುವ ಅಧಿಕಾರ ಕಸ್ಟಮ್ಸ್‌ನದು. ನೀರಿನ ಕಡೆಯ ಕಾವಲು ಕೋಸ್ಟ್ ಗಾರ್ಡ್‌ನದು. ಇಷ್ಟನ್ನೇ ಹೇಳಿ ಸರ್ಕಾರ ಕೈತೊಳೆದುಕೊಂಡಿತು. ಆದರೆ ಬೇಲಿ, ಕ್ಯಾಮೆರಾ, ಗೇಟಿನಲ್ಲಿ ಗುರುತುಚೀಟಿ ನೋಡುವ ಕಾವಲುಗಾರ, ಇವೆಲ್ಲ ಟರ್ಮಿನಲ್ ನಡೆಸುವವರ ಹೊಣೆ. 2002ರ ಕಡಲ ಭದ್ರತೆ ಕಾಯಿದೆ ಪ್ರಕಾರ ಭದ್ರತಾ ಯೋಜನೆ ಬರೆಯುವುದೂ ಅವರೇ, ಅದಕ್ಕೊಬ್ಬ ಭದ್ರತಾ ಅಧಿಕಾರಿಯನ್ನು ನೇಮಿಸುವುದೂ ಅವರೇ. ಕೋಸ್ಟ್ ಗಾರ್ಡ್ ಓದಿ ಒಪ್ಪಿಗೆ ಹಾಕುತ್ತದೆ, ಬಂದು ತಪಾಸಣೆ ಮಾಡುತ್ತದೆ. ಆದರೆ ರಾತ್ರಿ ಪಾಳಿಯಲ್ಲಿ ಯಾವ ಕಡೆ ಕಣ್ಣು ಕಡಿಮೆ ಎಂಬುದು ಗೊತ್ತಿರುವುದು ಯಾರಿಗೆ ಹೇಳಿ?

ಮಾಹಿತಿಯದ್ದು ಇನ್ನೂ ದೊಡ್ಡ ವಿಷಯ. ಯಾವ ಪೆಟ್ಟಿಗೆ ಎಲ್ಲಿಂದ ಬಂತು, ಅಂಗಳದ ಯಾವ ಸಾಲಿನಲ್ಲಿ ಕೂತಿದೆ, ಯಾವುದನ್ನು ಕಸ್ಟಮ್ಸ್ ಪಕ್ಕಕ್ಕೆ ಇಡಲು ಹೇಳಿದೆ, ಇದೆಲ್ಲ ಟರ್ಮಿನಲ್ಲಿನ ಕಂಪ್ಯೂಟರಿನಲ್ಲಿರುತ್ತದೆ. ಕಳ್ಳಸಾಗಣೆ ಮಾಡುವವನಿಗೆ ಗೇಟ್ ಕಾಯುವವನಿಗಿಂತ ಆ ಪರದೆಯ ಮುಂದೆ ಕೂತವನು ಬೇಕು.

ಹಾಗಾಗಿ ನನ್ನ ಮಟ್ಟಿಗೆ, ಒಡೆಯ ಯಾವ ದೇಶದವನು ಎಂದು ಕೇಳಿ ಬಾಗಿಲು ಹಾಕುವುದು ಒರಟು ಕಾನೂನು. ಭದ್ರತಾ ಅಧಿಕಾರಿ ಯಾರು, ಯೋಜನೆಯ ಪ್ರತಿ ಯಾರ ಕೈಯಲ್ಲಿದೆ, ಸರ್ವರ್ ಎಲ್ಲಿದೆ, ದೂರದಿಂದ ಅದರೊಳಗೆ ಹೋಗಬಲ್ಲವರು ಯಾರು, ಇಷ್ಟಕ್ಕೆ ಮಾತ್ರ ಬಿಗಿ ನಿರ್ಬಂಧ ಹಾಕಿದರೆ ಸಾಕು. ಉಳಿದ ವ್ಯಾಪಾರ ಯಾರಾದರೂ ಮಾಡಿಕೊಳ್ಳಲಿ. ಗಲಾಟೆಯ ನಂತರ 2007ರಲ್ಲಿ ಬಂದ ಕಾನೂನು ಕೂಡ ವಿದೇಶಿ ಸರ್ಕಾರದ ಒಡೆತನದ ಕಂಪನಿಗಳನ್ನು ನಿಷೇಧಿಸಲಿಲ್ಲ. ಅವುಗಳ ಪರಿಶೀಲನೆ ಬಿಗಿ ಮಾಡಿತು, ಅಷ್ಟೇ.

ಈಗಿನ ತಲೆನೋವು ನೋಡಿ. ಅಮೆರಿಕದ ಬಂದರುಗಳಲ್ಲಿ ಹಡಗಿನಿಂದ ಕಂಟೇನರ್ ಇಳಿಸುವ ದೊಡ್ಡ ಕ್ರೇನ್‌ಗಳಲ್ಲಿ ಸುಮಾರು ಶೇ. 80 ಚೀನಾದಲ್ಲಿ ತಯಾರಾದವು. ಅವುಗಳ ಒಳಗಿನ ತಂತ್ರಾಂಶದ ಮೇಲೆ ಅನುಮಾನ ಬಂದು, 2024ರ ಫೆಬ್ರವರಿಯಲ್ಲಿ ಬೈಡನ್ ಸರ್ಕಾರ ಬಂದರಿನ ಸೈಬರ್ ಭದ್ರತೆಯಲ್ಲಿ ಕೋಸ್ಟ್ ಗಾರ್ಡ್‌ಗೆ ಹೆಚ್ಚಿನ ಅಧಿಕಾರ ಕೊಟ್ಟಿತು. ಟರ್ಮಿನಲ್ ಒಡೆಯ ಅಪ್ಪಟ ಅಮೆರಿಕದವನೇ ಆಗಿದ್ದರೂ ಈ ತೊಂದರೆ ತಪ್ಪುತ್ತಿರಲಿಲ್ಲ.

ಅಂದಹಾಗೆ, ಡಿಪಿ ವರ್ಲ್ಡ್ ಬಿಟ್ಟುಕೊಟ್ಟ ಟರ್ಮಿನಲ್‌ಗಳನ್ನು ಕೊಂಡದ್ದು ಎಐಜಿ ಎಂಬ ಅಮೆರಿಕದ ವಿಮಾ ಕಂಪನಿಯ ಹೂಡಿಕೆ ವಿಭಾಗ. ಮುಂದೆ ಅವು ಪೋರ್ಟ್ಸ್ ಅಮೆರಿಕ ಎಂಬ ಕಂಪನಿಗೆ ಸೇರಿದವು. 2021ರಲ್ಲಿ ಆ ಪೋರ್ಟ್ಸ್ ಅಮೆರಿಕವನ್ನು ಪೂರ್ತಿಯಾಗಿ ತೆಗೆದುಕೊಂಡದ್ದು ಕೆನಡಾದ ಸಾರ್ವಜನಿಕ ಪಿಂಚಣಿ ನಿಧಿ. ಅದೂ ವಿದೇಶವೇ. 2006ರಂಥ ಗಲಾಟೆ ಮಾತ್ರ ಆಗಲಿಲ್ಲ.