ವಂಶವೃಕ್ಷದಲ್ಲಿ ಅಜ್ಜಿಯ ಹೆಸರು ಬಿಡಬೇಡಿ

ಪ್ರಶ್ನೆ: ನಮ್ಮ ತಂದೆ ಎರಡು ತಿಂಗಳ ಹಿಂದೆ, 54ನೇ ವಯಸ್ಸಿನಲ್ಲಿ ತೀರಿಕೊಂಡರು. ಉಯಿಲು ಬರೆದಿಲ್ಲ. ಅವರೇ ದುಡಿದು ಕೊಂಡ 2 ಎಕರೆ ಹೊಲ, ಪಂಚಾಯಿತಿ ವ್ಯಾಪ್ತಿಯಲ್ಲೊಂದು ಮನೆ, ಬ್ಯಾಂಕಿನಲ್ಲಿ 6 ಲಕ್ಷ ರೂಪಾಯಿ ಠೇವಣಿ ಇದೆ. ಠೇವಣಿಗೆ ನಾನೇ ನಾಮಿನಿ. ತಾಯಿ, ನಾನು, ಮದುವೆಯಾದ ತಂಗಿ, ತಂದೆಯ ತಾಯಿ ಇದ್ದೇವೆ. ಜಗಳವೇನೂ ಇಲ್ಲ. ವಕೀಲರಿಲ್ಲದೆ ಎಲ್ಲವನ್ನೂ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಮಾಡಿಸಿಕೊಳ್ಳಬಹುದು. ತಕರಾರಿಲ್ಲದ ಮನೆಗಳಲ್ಲಿ ಇದೆಲ್ಲ ನಾಡಕಚೇರಿ, ಪಂಚಾಯಿತಿ, ಬ್ಯಾಂಕಿನಲ್ಲೇ ಮುಗಿಯುವ ಕೆಲಸ. ಆದರೆ 'ನಮ್ಮ ಹೆಸರಿಗೆ' ಎಂದಿರಲ್ಲ, ಅದರಲ್ಲಿ ಅಜ್ಜಿಯ ಹೆಸರೂ ಇದೆಯೇ?

ನಿಮ್ಮದು ಹಿಂದೂ ಕುಟುಂಬವಾದರೆ (ಮುಸ್ಲಿಮರು, ಕ್ರೈಸ್ತರ ಲೆಕ್ಕ ಬೇರೆ) 1956ರ ಉತ್ತರಾಧಿಕಾರ ಕಾಯ್ದೆಯಂತೆ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು, ತಾಯಿ ನಾಲ್ವರಿಗೂ ಸಮಪಾಲು. 2 ಎಕರೆ ಅಂದರೆ 80 ಗುಂಟೆ. ತಲಾ 20 ಗುಂಟೆ. ತಂಗಿಗೆ ಮದುವೆಯಾಗಿದೆ ಎಂದು ಪಾಲು ಕಡಿಮೆಯಾಗುವುದಿಲ್ಲ. ಅಜ್ಜಿಯನ್ನು ಬಿಟ್ಟು ಖಾತೆ ಮಾಡಿಸಿದರೆ ಇವತ್ತು ಯಾರೂ ಕೇಳದಿರಬಹುದು. ನಾಳೆ ಅವರು ಉಯಿಲಿಲ್ಲದೆ ತೀರಿಕೊಂಡರೆ ಆ 20 ಗುಂಟೆಯಲ್ಲಿ ನಿಮ್ಮ ಚಿಕ್ಕಪ್ಪ, ಅತ್ತೆಯಂದಿರಿಗೂ ಹಕ್ಕು ಬರುತ್ತದೆ. ಹೊಲ ಮಾರುವ ದಿನ ಅವರೆಲ್ಲರ ಸಹಿಗೂ ಓಡಾಡಬೇಕು. ಅಜ್ಜಿಗೆ ಪಾಲು ಬೇಡವಾದರೆ ಅವರು ಗಟ್ಟಿಯಾಗಿರುವಾಗಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಲಿ. ಛಾಪಾ ಕಾಗದದ ಮೇಲೆ 'ನನಗೆ ಪಾಲು ಬೇಡ' ಎಂದು ಬರೆಸಿ ನೋಟರಿ ಮೊಹರು ಹಾಕಿಸುವ ಅಭ್ಯಾಸ ಊರೂರಲ್ಲೂ ಇದೆ. ನೋಂದಣಿಯಾಗದ ಅಂಥ ಪತ್ರದಿಂದ ಜಮೀನಿನ ಹಕ್ಕು ಹೋಗುವುದೂ ಇಲ್ಲ, ಬರುವುದೂ ಇಲ್ಲ. ತಂಗಿಯ ವಿಷಯದಲ್ಲೂ ಇದೇ ಮಾತು.

ಮೊದಲು ಮರಣ ಪ್ರಮಾಣಪತ್ರದ ಏಳೆಂಟು ಪ್ರತಿ ತೆಗೆದುಕೊಳ್ಳಿ. ಅದರಲ್ಲಿನ ಹೆಸರನ್ನು ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೊತೆ ಅಕ್ಷರಕ್ಷರ ತಾಳೆ ನೋಡಿ. ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ: ಪಹಣಿಯಲ್ಲಿ 'ರಾಮೇಗೌಡ ಬಿನ್ ತಿಮ್ಮೇಗೌಡ', ಆಧಾರ್‌ನಲ್ಲಿ 'ರಾಮಣ್ಣ ಟಿ.' ಎಂದಿರುತ್ತದೆ. ಪ್ರಮಾಣಪತ್ರದ್ದೇ ತಪ್ಪಾದರೆ ನೋಂದಣಾಧಿಕಾರಿಯಿಂದ ತಿದ್ದಿಸಿ. ಉಳಿದದ್ದಕ್ಕೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿಡಿ.

ಮುಂದಿನದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ, ನೋಟರಿ ಅಫಿಡವಿಟ್, ರೇಷನ್ ಕಾರ್ಡ್, ಎಲ್ಲರ ಆಧಾರ್ ಕೊಡಿ. ಗ್ರಾಮ ಆಡಳಿತಾಧಿಕಾರಿ ಸ್ಥಳ ವಿಚಾರಣೆ ಮಾಡುತ್ತಾರೆ. ಇಲ್ಲಿ ಹೆಸರು ಬಿಟ್ಟರೆ ಆ ತಪ್ಪು ಮುಂದಿನ ಎಲ್ಲ ದಾಖಲೆಗೂ ಹರಿಯುತ್ತದೆ.

ಇವೆರಡು ಕೈಯಲ್ಲಿದ್ದರೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಬಹುದು. ಅದಕ್ಕೂ ಮೊದಲು ಪಹಣಿಯ 11ನೇ ಕಾಲಂ ನೋಡಿ. ತಂದೆ ಸೊಸೈಟಿಯಲ್ಲಿ ಬೆಳೆ ಸಾಲ ಮಾಡಿದ್ದರೆ ಅಲ್ಲಿ ಕಾಣುತ್ತದೆ. (ಅವರ ಸಾಲಕ್ಕೆ ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ನೀವು ಹೊಣೆ, ಜಾಮೀನು ಹಾಕಿದ್ದರೆ ಮಾತ್ರ ಬೇರೆ.) ಅರ್ಜಿಯ ಮೇಲೆ ಕಚೇರಿ ಹೊರಡಿಸುವ ನೋಟಿಸಿನ ಅವಧಿಯಲ್ಲಿ ಆಕ್ಷೇಪಣೆ ಬರದಿದ್ದರೆ ನಾಲ್ವರ ಹೆಸರೂ ಜಂಟಿಯಾಗಿ ಕೂರುತ್ತದೆ. ಹೊಲವನ್ನು ತುಂಡು ಮಾಡಿ ಹಂಚಿಕೊಳ್ಳುವ ಮನಸ್ಸಿದ್ದರೆ ಆಮೇಲೆ 11ಇ ನಕ್ಷೆ (ಪ್ರತಿ ತುಂಡನ್ನೂ ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ ವಿಭಾಗ ಪತ್ರ ನೋಂದಾಯಿಸಬೇಕು. ಮನೆಯ ಖಾತೆಗೆ ಇವೇ ಕಾಗದಗಳನ್ನು ಪಂಚಾಯಿತಿಗೆ ಕೊಡಿ. ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯಾದ ಇ-ಸ್ವತ್ತಿನಲ್ಲಿ ಹೆಸರು ಬದಲಾಗುತ್ತದೆ.

ಠೇವಣಿಯ ಕೆಲಸ ಸುಲಭ. ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ದಾಖಲೆ ಕೊಟ್ಟರೆ ಸಾಕು. ಕಾಗದ ಪೂರ್ತಿ ತಲುಪಿದ 15 ದಿನದೊಳಗೆ ಬ್ಯಾಂಕು ಹಣ ಕೊಡಬೇಕು. ನಾಮಿನಿ ಇರುವಾಗ ಉತ್ತರಾಧಿಕಾರ ಪ್ರಮಾಣಪತ್ರ ಕೇಳುವಂತಿಲ್ಲ, ಅವಧಿಗೆ ಮುಂಚೆ ಮುರಿದದ್ದಕ್ಕೆ ದಂಡವೂ ಇಲ್ಲ. ಹಾಗಂತ ಹಣ ನಿಮ್ಮದಾಗುವುದಿಲ್ಲ. ನಾಮಿನಿ ಅಂದರೆ ಪಡೆದುಕೊಳ್ಳುವವನು, ಒಡೆಯನಲ್ಲ. ತಲಾ ಒಂದೂವರೆ ಲಕ್ಷ ನಾಲ್ವರಿಗೂ ಸೇರಬೇಕು. ತಂದೆಯ ಎಟಿಎಂ ಕಾರ್ಡನ್ನಂತೂ ಮುಟ್ಟಬೇಡಿ. ಸಾವಿನ ನಂತರದ ದಿನಾಂಕದಲ್ಲಿ ಹಣ ತೆಗೆದಿದ್ದರೆ ನಾಳೆ ಲೆಕ್ಕ ಹೇಳಬೇಕಾದವರು ನೀವೇ.

ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹುಡುಕಿ: ಮೇ ಕೊನೆ ಅಥವಾ ಜೂನ್ ಆಸುಪಾಸು 436 ರೂಪಾಯಿ ಕಡಿತವಾಗಿದೆಯೇ? ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, 55 ತುಂಬುವವರೆಗೆ ಚಾಲ್ತಿಯಲ್ಲಿರುತ್ತದೆ. ಸಾವಿನ ಕಾರಣ ಏನೇ ಇದ್ದರೂ 2 ಲಕ್ಷ ಬರುತ್ತದೆ. ಮೊದಲ ಸಲ ಸೇರಿ 30 ದಿನ ಕಳೆದಿರಬೇಕು, ಅಷ್ಟೇ. ಅಪಘಾತದ ಸಾವಿಗೆ ಆ ಷರತ್ತೂ ಇಲ್ಲ. 20 ರೂಪಾಯಿ ಕಡಿತವಾಗಿದ್ದರೆ ಅದು ಅಪಘಾತ ವಿಮೆ. ಮನೆಯವರಿಗೆ ಗೊತ್ತೇ ಇಲ್ಲದೆ ಉಳಿದುಬಿಡುವ ಹಣ ಇದು. ತಡಮಾಡದೆ ಬ್ಯಾಂಕಿನಲ್ಲಿ ಕ್ಲೇಮ್ ಹಾಕಿ.

ಪೌತಿ ಖಾತೆಗೆ ಯಾರಾದರೂ ತಕರಾರು ಹಾಕಿದರೆ, ಅಥವಾ ಅಪ್ರಾಪ್ತರ ಪಾಲು ಮಾರಬೇಕಾಗಿ ಬಂದರೆ, ಆಗ ವಕೀಲರ ಹತ್ತಿರ ಹೋಗಲೇಬೇಕು. ನಿಮ್ಮ ತಾಯಿ, ತಂಗಿ, ಅಜ್ಜಿ ಮೂವರೂ ಮಹಿಳೆಯರಾದ್ದರಿಂದ, ಆದಾಯ ಎಷ್ಟೇ ಇರಲಿ, ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು.