ಕೋಳಿ ಎಲ್ಲಿ, ತೌಡು ಎಲ್ಲಿ?

ಶಿರಾದ ಗೆಳೆಯರೇ,

‘ವಿಟಮಿನ್’ ಎಂಬ ಹೆಸರು ಹೇಗೆ ಬಂತು ಅಂತ ನೀವು ಬರೆದ ಲೇಖನ ತಲುಪಿತು. ಭಾಷೆ ಚೆನ್ನಾಗಿದೆ, ವಿಷಯವೂ ಒಳ್ಳೆಯದು. ಆದರೆ ಎರಡು ಸಾಲು ಓದಿ ನನಗೆ ನಿಜವಾಗಿಯೂ ಸಿಟ್ಟು ಬಂತು.

ಮೊದಲನೆಯದು: ‘ಆಹಾರದಲ್ಲಿ ಯಾವುದೋ ಅಂಶವಿದೆ ಎಂದು ವಿಜ್ಞಾನಿಗಳು ಕಂಡುಕೊಂಡರು.’ ಯಾವ ವಿಜ್ಞಾನಿಗಳು? ಎಲ್ಲಿ? ಏನು ನೋಡಿ? ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಾವಾದ ಬಟೇವಿಯಾದಲ್ಲಿ (ಈಗಿನ ಜಕಾರ್ತಾ) ಡಚ್ ವೈದ್ಯ ಐಕ್‌ಮನ್ ಸಾಕಿದ್ದ ಕೋಳಿಗಳಿಗೆ ಬೆರಿಬೆರಿಯಂಥ, ಅಂದರೆ ನರಗಳು ಸೋತು ಕೈಕಾಲು ಬಲಗುಂದುವಂಥ ಕಾಯಿಲೆ ಬಂದು ಕಾಲಲ್ಲಿ ಬಲವಿಲ್ಲದೆ ಬೀಳುತ್ತಿದ್ದವು. ಅವಕ್ಕೆ ಹಾಕುತ್ತಿದ್ದುದು ಮಿಲಿಟರಿ ಆಸ್ಪತ್ರೆಯ ಪಾಲಿಶ್ ಅಕ್ಕಿಯ ಅನ್ನ. ಹೊಸದಾಗಿ ಬಂದ ಅಡುಗೆಯವ ಮಿಲಿಟರಿ ಅನ್ನ ಕೋಳಿಗೆ ಕೊಡಲ್ಲ ಅಂದ, ಪಾಲಿಶ್ ಮಾಡದ ಅಕ್ಕಿ ಹಾಕಿದರು, ಕೋಳಿಗಳು ಎದ್ದು ಓಡಾಡಿದವು. ಆಮೇಲೆ ಲಂಡನ್ನಿನಲ್ಲಿ ಫಂಕ್ ಎಂಬ ಜೀವರಸಾಯನ ವಿಜ್ಞಾನಿ ಅಂಥದೇ ಕಾಯಿಲೆಯ ಪಾರಿವಾಳಗಳನ್ನು ಗುಣಪಡಿಸಿದ್ದು ಅಕ್ಕಿ ಪಾಲಿಶ್ ಮಾಡುವಾಗ ಉದುರುವ ತೌಡಿನ ಸಾರದಿಂದ. ತೌಡು ನಮ್ಮ ಕಡೆ ದನಕ್ಕೆ ದಿನಾ ಕಲಸಿ ಇಡುವ ವಸ್ತು, ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ!

ನಾನು ಕೆಲಸ ಕಲಿತದ್ದು ತುಮಕೂರಿನ ಒಂದು ಸಣ್ಣ ವಾರಪತ್ರಿಕೆಯಲ್ಲಿ, ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ಮಳೆ ಇಲ್ಲದೆ ರೈತರು ಕಂಗಾಲು ಅಂತ ಬರೆದು ಕೊಟ್ಟರೆ ಅಲ್ಲಿನ ಹಿರಿಯರು ಬೈಯುತ್ತಿರಲಿಲ್ಲ, ಸುಮ್ನೆ ಅಂಚಿನಲ್ಲಿ ‘ಯಾವ ಊರು? ಹೊಲದಲ್ಲಿ ಏನಿತ್ತು?’ ಅಂತ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಡುತ್ತಿದ್ದರು. ಮತ್ತೆ ಪಾವಗಡದ ಬಸ್ ಹತ್ತಬೇಕು. ಹೊಲದಲ್ಲಿ ನಿಂತು ಕಡಲೆಕಾಯಿ ಗಿಡ ಕಿತ್ತು ನೋಡಿದರೆ ಕಾಯೆಲ್ಲ ಜೊಳ್ಳು. ಆ ಜೊಳ್ಳು ಕಾಯಿ ಬರೆದ ಮೇಲೇ ಸುದ್ದಿ ಅಚ್ಚಿಗೆ ಹೋಗುತ್ತಿದ್ದದ್ದು.

ಎರಡನೆಯ ಸಾಲು: ‘ಲ್ಯಾಟಿನ್ನಿನ ವೀಟಾ, ಅಂದರೆ ಜೀವ, ಅದಕ್ಕೆ ಅಮೀನ್ ಸೇರಿ ವಿಟಮಿನ್ ಆಯಿತು.’ ಇಷ್ಟಕ್ಕೇ ನಿಲ್ಲಿಸಿಬಿಟ್ಟಿದ್ದೀರಿ. ಕಥೆ ಶುರುವಾಗುವುದೇ ಅಲ್ಲಿಂದ ಅಲ್ವಾ? 1912ರಲ್ಲಿ ಫಂಕ್ ಈ ಹೆಸರಿಟ್ಟಾಗ ಇಂಗ್ಲಿಷಿನಲ್ಲಿ ಅದರ ಕೊನೆಗೆ ‘ಇ’ ಅಕ್ಷರ ಇತ್ತು. ಅಮೀನ್ ಅಂದರೆ ನೈಟ್ರೋಜನ್ ಇರುವ ಒಂದು ಬಗೆಯ ರಾಸಾಯನಿಕ, ಈ ಅಂಶಗಳೆಲ್ಲ ಅದೇ ಜಾತಿಯವು ಅನ್ನುವುದು ಅವರ ಊಹೆ. ನಿಂಬೆಹಣ್ಣಿನಲ್ಲಿರುವ ವಿಟಮಿನ್ ಸಿಯಲ್ಲಿ ನೈಟ್ರೋಜನ್ನೇ ಇಲ್ಲ! 1920ರಲ್ಲಿ ಬ್ರಿಟಿಷ್ ಜೀವರಸಾಯನ ವಿಜ್ಞಾನಿ ಜ್ಯಾಕ್ ಡ್ರಮಂಡ್ ಆ ಕೊನೆಯ ‘ಇ’ ಕಿತ್ತುಹಾಕಿ, ಎ, ಬಿ, ಸಿ ಅಂತ ಕರೆಯೋಣ ಎಂದು ಸೂಚಿಸಿದರು. ಹೆಸರು ಅಮೀನ್‌ನಿಂದ ಬಿಡಿಸಿಕೊಂಡದ್ದು ಹಾಗೆ. ಇದನ್ನು ಬಿಟ್ಟರೆ ನಿಘಂಟು ನೋಡಿದರೆ ಸಾಕಲ್ಲ, ಲೇಖನ ಯಾಕೆ?

ಇನ್ನೊಂದು ಸಲ ಬರೆಯಿರಿ. ಐಕ್‌ಮನ್‌ರ ಅಂಗಳದಿಂದ ಶುರು ಮಾಡಿ, ‘ಪ್ರಾಚೀನ ಕಾಲದಿಂದಲೂ’ ಎಂಬ ಮೊದಲ ಪ್ಯಾರಾ ಬೇಡ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿರುತ್ತೇನೆ, 20ನೇ ತಾರೀಖಿನೊಳಗೆ ಕಳಿಸಿ.